ಮೆಜೆಸ್ಟಿಕ್‌ನ ನೆಲದಡಿಯ ನಿಲ್ದಾಣ: ನಮ್ಮ ಸೀಮೆಯವರ ಕಣ್ಣಲ್ಲಿ ಹತ್ತು ವರ್ಷ

2016ರ ಏಪ್ರಿಲ್ 30ರಂದು ಬೆಂಗಳೂರಿನ ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ಮೊದಲ ಬಾರಿಗೆ ಸಾರ್ವಜನಿಕರು ಇಳಿದರು. ಲೆಕ್ಕ ಹಾಕಿದರೆ 2026ಕ್ಕೆ ಹತ್ತು ವರ್ಷ. ಹತ್ತು ವರ್ಷಕ್ಕೆಲ್ಲ ಚರಿತ್ರೆ ಬರೆಯಬೇಕೆ ಎಂದು ಕೇಳುವವರಿದ್ದಾರೆ. ಕಟ್ಟಡಕ್ಕೆ ಹತ್ತೇ ವರ್ಷವಾದರೂ ಅದು ಕೂತಿರುವ ಜಾಗಕ್ಕೆ ಐದು ಶತಮಾನದ ಹತ್ತಿರದ ವಯಸ್ಸಿದೆ. ಅದನ್ನು ಬಳಸುವ ನಮ್ಮ ರಾಮನಗರ ಸೀಮೆಯ ಜನಕ್ಕೂ ಆ ಜಾಗಕ್ಕೂ ಇರುವ ನಂಟು ಅದಕ್ಕಿಂತ ಕಡಿಮೆಯದೇನಲ್ಲ. ಮೈಸೂರು ರಸ್ತೆ, ಮಾಗಡಿ ರಸ್ತೆ, ಕನಕಪುರ ರಸ್ತೆ ಎಂಬ ಮೂರು ದಾರಿಗಳಲ್ಲಿ ನಮ್ಮವರು ರಾಜಧಾನಿಗೆ ಬರುತ್ತಾರೆ. ಊರೊಳಗೆ ಬಂದ ಮೇಲೆ ಈ ಮೂರು ದಾರಿಯವರೂ ಒಂದೇ ಕಡೆ ಸೇರುವುದು ಮೆಜೆಸ್ಟಿಕ್‌ನಲ್ಲಿ. ಹತ್ತು ವರ್ಷದ ನೆನಪಿನ ಈ ಸಂಚಿಕೆಗೆ ಲೇಖನ ಬರೆಯಲು ನಾನು ಒಪ್ಪಿದ್ದು ಆ ಕಾರಣಕ್ಕೆ.

ಕೆರೆಯಂಗಳ (1537ರಿಂದ 1960ರ ದಶಕದವರೆಗೆ)

ಮೊದಲನೆಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆಗೆ ಬುನಾದಿ ಹಾಕಿದರು. ಪೇಟೆಗೆ ನೀರಿಲ್ಲದೆ ಊರು ನಿಲ್ಲುವುದಿಲ್ಲ ಎಂದು ತಿಳಿದಿದ್ದ ಅವರು ಕೋಟೆಯ ವಾಯುವ್ಯಕ್ಕೆ ಧರ್ಮಾಂಬುಧಿ ಕೆರೆ ಕಟ್ಟಿಸಿದರು. ಇಂದಿನ ಬಸ್ ನಿಲ್ದಾಣ, ಅದರಡಿಯ ರೈಲು ನಿಲ್ದಾಣ ಎರಡೂ ಇರುವುದು ಆ ಕೆರೆಯ ಅಂಗಳದಲ್ಲಿ. ಪಕ್ಕದ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಓಡಾಡುವವರು ಈಗಲೂ ಹಳೆಯ ಕೆರೆಯ ಏರಿಯ ಮೇಲೇ ಓಡಾಡುತ್ತಿದ್ದಾರೆ, ಗೊತ್ತಿದ್ದೋ ಗೊತ್ತಿಲ್ಲದೆಯೋ.

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ನೆಲೆ ಬದಲಿಸಿತು. ಮಾಗಡಿಯ ಕೋಟೆ, ಸಾವನದುರ್ಗ, ಸುತ್ತಲಿನ ಕೆರೆಕಟ್ಟೆಗಳೆಲ್ಲ ಆ ಮನೆತನದ ನೆನಪನ್ನು ಹೊತ್ತಿವೆ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದದ್ದು 2015ರಲ್ಲಿ, ಅವರ ಕೆರೆಯಡಿಯಲ್ಲಿ ಈ ನಿಲ್ದಾಣದ ಕೆಲಸ ಮುಗಿಯುತ್ತಾ ಬಂದಿದ್ದಾಗ. ಮುಂದೆ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್ ಎಂದು ಹೆಸರಾಯಿತು. ಮಾಗಡಿಯವರು ಅದನ್ನು ತಮ್ಮ ಹೆಸರೆಂದೇ ಎಣಿಸುತ್ತಾರೆ. ಎಣಿಸಲಿ, ತಪ್ಪೇನಿಲ್ಲ.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಧರ್ಮಾಂಬುಧಿಯ ಅಗತ್ಯ ತಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕೆರೆ ಬತ್ತಿ ಮೈದಾನವಾಯಿತು. ಜಾತ್ರೆ, ವಸ್ತುಪ್ರದರ್ಶನ, ರಾಜಕೀಯ ಸಭೆಗಳೆಲ್ಲ ಅಲ್ಲೇ ನಡೆಯತೊಡಗಿದವು. ಸುಭಾಷ್‌ಚಂದ್ರ ಬೋಸರ ನೆನಪಿಗೆ ಅದು ಸುಭಾಷ್ ನಗರವಾಯಿತು. 1960ರ ದಶಕದಲ್ಲಿ ಬಸ್ಸುಗಳು ಬಂದು ಅಲ್ಲೇ ನೆಲೆ ನಿಂತವು.

ರೈಲು ಬಂದದ್ದು ಯಾರಿಗೆ, ಬಾರದ್ದು ಯಾರಿಗೆ (1881ರಿಂದ)

1876–78ರ ಮಹಾ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ನಡೆಯಿತು. 1881ರಲ್ಲಿ ಮೀಟರ್ ಗೇಜ್ ಹಳಿ ಬಿಡದಿ, ಕ್ಲೋಸ್‌ಪೇಟೆಯನ್ನು ಹಾದು ಚನ್ನಪಟ್ಟಣ ಮುಟ್ಟಿತು. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರವೇ. 1882ರಲ್ಲಿ ಮೈಸೂರಿನವರೆಗೂ ರೈಲು ಓಡಿತು. ಚನ್ನಪಟ್ಟಣದ ಗೊಂಬೆ, ರಾಮನಗರದ ರೇಷ್ಮೆ ಗೂಡಿನ ವ್ಯಾಪಾರ ಬೆಳೆಯಲು ಆ ಹಳಿಯ ಪಾಲು ದೊಡ್ಡದು. ಧರ್ಮಾಂಬುಧಿಯ ಪಕ್ಕದ ನಿಲ್ದಾಣದಲ್ಲಿ ಇಳಿದ ಊರಿನವರಿಗೆ ತಂಗಲು ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿದರು. 1903ರಲ್ಲಿ ತೆರೆದ ತೋಟದಪ್ಪ ಛತ್ರದ ಹೆಸರು ಹಳೇ ಮೈಸೂರಿನ ಹಳ್ಳಿಗಳಲ್ಲಿ ಇವತ್ತಿಗೂ ಮಾಸಿಲ್ಲ.

ಕನಕಪುರ ಮತ್ತು ಮಾಗಡಿಗೆ ಆ ಭಾಗ್ಯ ಬರಲಿಲ್ಲ. ಕನಕಪುರದ ಮೇಲೆ ಮಳವಳ್ಳಿ, ಕೊಳ್ಳೇಗಾಲದತ್ತ ಹೋಗುವ ಹೆಜ್ಜಾಲ–ಚಾಮರಾಜನಗರ ಮಾರ್ಗ 1990ರ ದಶಕದಲ್ಲಿ ಮಂಜೂರಾಯಿತು. ಅದರ ಮೇಲೆ ಇನ್ನೂ ರೈಲು ಓಡಿಲ್ಲ. ಹೀಗಾಗಿ ಸಂಗಮ, ಮೇಕೆದಾಟಿನ ಕಡೆಯ ಉಯ್ಯಂಬಳ್ಳಿ, ಕೋಡಿಹಳ್ಳಿ, ಸಾತನೂರು ಹೋಬಳಿಗಳವರಿಗೆ ರಾಜಧಾನಿ ಎಂದರೆ ಬಸ್ಸೇ ಗತಿ. ಬೆಳಗಿನ ಮೊದಲ ಬಸ್ಸಿಗೆ ಹತ್ತಿದರೆ ಬನಶಂಕರಿ ದಾಟುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ಅಲ್ಲಿಂದ ಕೆ.ಆರ್. ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಮೆಜೆಸ್ಟಿಕ್. ಕೊನೆಯ ಆರೇಳು ಕಿಲೋಮೀಟರಿಗೆ ಹಿಡಿಯುವ ಹೊತ್ತು ಕೆಲವೊಮ್ಮೆ ಕನಕಪುರದಿಂದ ಹಾರೋಹಳ್ಳಿಗೆ ಬರುವುದಕ್ಕಿಂತ ಹೆಚ್ಚು. ಆಸ್ಪತ್ರೆಗೆ ಹೊರಟವರು, ಕೋರ್ಟು ಕಚೇರಿಗೆ ಬಂದವರು, ಕಾಲೇಜು ಹುಡುಗರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಎಲ್ಲರದೂ ಇದೇ ಪಾಡು. ಮೆಟ್ರೊ ನಿಲ್ದಾಣ ಯಾವ ಕೊರತೆಯನ್ನು ತುಂಬಿತು ಎಂದು ಕೇಳುವವರು ಮೊದಲು ಈ ಕೊನೆಯ ಕಿಲೋಮೀಟರುಗಳನ್ನು ನೆನೆಯಬೇಕು.

ಕಾಗದದ ಮೇಲೆ ಕಾಲು ಶತಮಾನ (1980ರ ದಶಕದಿಂದ 2006)

ಬೆಂಗಳೂರಿಗೆ ನಗರ ರೈಲು ಬೇಕೆಂಬ ಮಾತು ಹೊಸದಲ್ಲ. 1980ರ ದಶಕದ ಆರಂಭದಲ್ಲೇ ದಕ್ಷಿಣ ರೈಲ್ವೆಯ ತಂಡವೊಂದು ಅಧ್ಯಯನ ಮಾಡಿ ಮೆಟ್ರೊ ಮಾರ್ಗಗಳನ್ನು ಸೂಚಿಸಿತ್ತು. ವರದಿ ಕಪಾಟು ಸೇರಿತು. 1994ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ಮಾಸ್ ರ‍್ಯಾಪಿಡ್ ಟ್ರಾನ್ಸಿಟ್ ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿತು. ಖಾಸಗಿ ಪಾಲುದಾರಿಕೆಯಲ್ಲಿ ಎತ್ತರಿಸಿದ ಹಳಿಗಳ ಮೇಲೆ ಲಘು ರೈಲು ಓಡಿಸುವ ಯೋಜನೆ ಅದು. ಯಾರ ಪಾಲು ಎಷ್ಟು, ನಷ್ಟವಾದರೆ ಹೊರುವವರು ಯಾರು ಎಂಬ ಚರ್ಚೆಯಲ್ಲೇ ವರ್ಷಗಳು ಕಳೆದವು. ಆ ದಿನಗಳ ಪತ್ರ ವ್ಯವಹಾರವನ್ನು ಈ ಸಂಚಿಕೆಯಲ್ಲಿ ಕೆದಕುವ ಅಗತ್ಯವಿಲ್ಲ. ಎಲ್ಲರೂ ಊರಿನ ಒಳಿತನ್ನೇ ಬಯಸಿದ್ದರು, ದುಡ್ಡಿನ ಲೆಕ್ಕ ಮಾತ್ರ ಕೂಡಿ ಬರಲಿಲ್ಲ ಎಂದರೆ ಸಾಕು.

2003ರಲ್ಲಿ ದೆಹಲಿ ಮೆಟ್ರೊ ಸಂಸ್ಥೆ ವಿವರವಾದ ಯೋಜನಾ ವರದಿ ಕೊಟ್ಟಿತು. ಇ. ಶ್ರೀಧರನ್ ಅವರ ನಾಯಕತ್ವದಲ್ಲಿ ಅದು ದೆಹಲಿಯಲ್ಲಿ ಆಗಷ್ಟೇ ರೈಲು ಓಡಿಸಿ ತೋರಿಸಿತ್ತು, ಹಾಗಾಗಿ ಅದರ ಮಾತಿಗೆ ತೂಕವಿತ್ತು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮಪಾಲಿನ ಬೆಂಗಳೂರು ಮೆಟ್ರೊ ರೈಲು ನಿಗಮ ರೂಪುಗೊಂಡಿತು. 2006ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ಅದೇ ವರ್ಷದ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಮೊದಲು 33 ಕಿ.ಮೀ. ಎಂದಿದ್ದ ಮೊದಲ ಹಂತ ಬೆಳೆದು 42.3 ಕಿ.ಮೀ., 40 ನಿಲ್ದಾಣಗಳಾಯಿತು. ಅದರಲ್ಲಿ ನೆಲದಡಿಯದು 8.8 ಕಿ.ಮೀ., ನಿಲ್ದಾಣ ಏಳು. ಪೂರ್ವ–ಪಶ್ಚಿಮದ ನೇರಳೆ ಮಾರ್ಗವೂ ಉತ್ತರ–ದಕ್ಷಿಣದ ಹಸಿರು ಮಾರ್ಗವೂ ಕೂಡುವ ಜಾಗ ಮೆಜೆಸ್ಟಿಕ್ ಎಂದು ಗೊತ್ತಾಯಿತು. ಬಸ್ಸುಗಳೂ ಹಳೆಯ ರೈಲು ನಿಲ್ದಾಣವೂ ಅಲ್ಲೇ ಇರುವಾಗ ಬೇರೆ ಜಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ.

ಅಗೆತ (2011–2016)

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ನಿಗಮದ ವ್ಯವಸ್ಥಾಪಕ ನಿರ್ದೇಶಕರಾಗಿದ್ದವರು ಎನ್. ಶಿವಶೈಲಂ. ಅದು ಕಂಬಗಳ ಮೇಲಿನ ರೈಲು, ಎಲ್ಲರ ಕಣ್ಣಿಗೂ ಬೀಳುವಂಥದು. ಅದೇ ವರ್ಷ ಮಿನ್ಸ್ಕ್ ಚೌಕದ ಬಳಿ ಹೆಲೆನ್ ಎಂಬ ಸುರಂಗ ಕೊರೆಯುವ ಯಂತ್ರ ನೆಲದಡಿಗೆ ಇಳಿದದ್ದನ್ನು ಊರು ಅಷ್ಟಾಗಿ ಗಮನಿಸಲಿಲ್ಲ. ಹೆಲೆನ್ ಆದ ಮೇಲೆ ಮಾರ್ಗರೀಟಾ, ಆಮೇಲೆ ಕಾವೇರಿ, ಕೃಷ್ಣಾ, ಗೋದಾವರಿ. ಹೆಣ್ಣು ಹೆಸರು, ನದಿ ಹೆಸರು ಇಟ್ಟರೂ ಕೆಲಸ ಮಾತ್ರ ಸಲೀಸಾಗಿ ಹರಿಯಲಿಲ್ಲ.

ಬೆಂಗಳೂರಿನ ನೆಲ ದಿಲ್ಲಿಯದರಂತಲ್ಲ. ರಾಮನಗರದ ಬೆಟ್ಟಗಳನ್ನು ನೋಡಿ ಬೆಳೆದವರಿಗೆ ಈ ಸೀಮೆಯ ಕಲ್ಲಿನ ಗುಣ ಹೇಳಿಕೊಡಬೇಕಿಲ್ಲ. ಒಂದು ಕಡೆ ಗಟ್ಟಿ ಕಣಶಿಲೆ, ಹತ್ತು ಅಡಿ ಆಚೆಗೆ ಕೊಳೆತು ಪುಡಿಯಾದ ಮಣ್ಣು, ನಡುವೆ ಬಿಡಿ ಬಂಡೆಗಳು. ಮುಂಭಾಗದ ಕೊರೆಚಕ್ರದ ಅರ್ಧ ಕಲ್ಲನ್ನು ಅರೆಯುತ್ತಿದ್ದರೆ ಇನ್ನರ್ಧ ಮೆತ್ತನೆ ಮಣ್ಣಿನಲ್ಲಿ ಸುತ್ತುತ್ತಿರುತ್ತದೆ. ಚಕ್ರದ ಹಲ್ಲು ಸವೆಯುತ್ತವೆ, ಯಂತ್ರ ಓರೆಯಾಗುತ್ತದೆ, ಮೇಲಿನ ಮಣ್ಣು ಕುಸಿಯುವ ಭಯವಿರುತ್ತದೆ. ಸಂಪಿಗೆ ರಸ್ತೆಯ ಕಡೆಯಿಂದ ಬರುತ್ತಿದ್ದ ಗೋದಾವರಿಯ ಕೊರೆಚಕ್ರ ಕೆಟ್ಟು ಅದು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತ್ತು. ಚಿಕ್ಕಪೇಟೆಯ ಕಡೆಯ ಕಾವೇರಿ, ಕೃಷ್ಣಾ ಯಂತ್ರಗಳಿಗೆ ಇನ್ನೊಂದು ಜವಾಬ್ದಾರಿ. ಅವುಗಳ ನೆತ್ತಿಯ ಮೇಲೆ ಕಿಷ್ಕಿಂಧೆಯಂಥ ಗಲ್ಲಿಗಳು, ಗಾರೆ ಗೋಡೆಯ ಹಳೆಯ ಮನೆಗಳು, ಸೀರೆ ಮಳಿಗೆಗಳು. ಮೇಲೆ ವ್ಯಾಪಾರ ನಿಲ್ಲಬಾರದು, ಕೆಳಗೆ ಕೆಲಸ ನಿಲ್ಲಬಾರದು. ಉತ್ತರ–ದಕ್ಷಿಣದ ಸುರಂಗಗಳ ಕೊನೆಯ ಯಂತ್ರಗಳು ಮೆಜೆಸ್ಟಿಕ್‌ನಲ್ಲಿ ಹೊರಬೀಳುವಷ್ಟರಲ್ಲಿ 2016 ಬಂದಿತ್ತು. ಗಡುವುಗಳು ಒಂದಲ್ಲ ಹಲವು ಬಾರಿ ಮುಂದೆ ಹೋದವು, ವೆಚ್ಚ ಮೊದಲ ಅಂದಾಜಿನ ಎರಡು ಪಟ್ಟು ದಾಟಿತು. ಗುತ್ತಿಗೆದಾರರಿಗೂ ನಿಗಮಕ್ಕೂ ನಡುವೆ ಭಿನ್ನಾಭಿಪ್ರಾಯಗಳಿದ್ದವು. ಕಲ್ಲಿನ ಮುಂದೆ ಎಲ್ಲರೂ ಸಮಾನರು ಎಂಬುದು ಅವರೆಲ್ಲರೂ ಕಲಿತ ಪಾಠವಿರಬೇಕು.

ನಿಲ್ದಾಣವನ್ನು ಮಾತ್ರ ಯಂತ್ರದಿಂದ ಕೊರೆದದ್ದಲ್ಲ. ಬಿಎಂಟಿಸಿ ಬಸ್ ನಿಲ್ದಾಣದ ಒಂದು ಭಾಗಕ್ಕೆ ತಗಡಿನ ಬೇಲಿ ಹಾಕಿ, ಮೇಲಿಂದಲೇ ಅಗೆದು, ಒಳಗೆ ಕಾಂಕ್ರೀಟ್ ಗೋಡೆ ಮತ್ತು ಮಹಡಿಗಳನ್ನು ಕಟ್ಟಿ, ಮೇಲೆ ಮತ್ತೆ ಮುಚ್ಚಿದರು. ಆ ವರ್ಷಗಳಲ್ಲಿ ನಮ್ಮ ಊರಿನಿಂದ ಬಂದವರಿಗೆ ಯಾವ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆಂದು ಹುಡುಕುವುದೇ ಒಂದು ಕೆಲಸವಾಗಿತ್ತು. ಧೂಳು, ಕೆಸರು, ತಾತ್ಕಾಲಿಕ ಹಲಗೆ ದಾರಿ. ಬಿಎಂಟಿಸಿ ಕಂಡಕ್ಟರುಗಳು, ತಳ್ಳುಗಾಡಿಯವರು, ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುವ ಕೂಲಿ ಜನ ಅದನ್ನು ಸಹಿಸಿಕೊಂಡರು. ಉದ್ಘಾಟನೆಯ ಕಲ್ಲಿನ ಮೇಲೆ ಇಂಥವರ ಹೆಸರು ಇರುವುದಿಲ್ಲ, ಇಲ್ಲಾದರೂ ಇರಲಿ.

ಕಟ್ಟಡ

ಹೊರಗಿನಿಂದ ನೋಡಿದರೆ ಈ ನಿಲ್ದಾಣಕ್ಕೆ ಮುಖವೇ ಇಲ್ಲ. ಬಸ್ಸುಗಳ ನಡುವೆ ಮೆಟ್ಟಿಲಿನ ಬಾಯಿಗಳಷ್ಟೇ ಕಾಣುತ್ತವೆ. ಇಳಿದರೆ ಮೊದಲು ಟಿಕೆಟ್ ಹಜಾರ. ಅದರ ಕೆಳಗೆ ನೇರಳೆ ಮಾರ್ಗದ ಪ್ಲಾಟ್‌ಫಾರಂ, ಅದಕ್ಕೂ ಕೆಳಗೆ ಹಸಿರು ಮಾರ್ಗದ ಪ್ಲಾಟ್‌ಫಾರಂ. ದೇಶದ ದೊಡ್ಡ ನೆಲದಡಿಯ ಮೆಟ್ರೊ ನಿಲ್ದಾಣಗಳ ಪಟ್ಟಿಯಲ್ಲಿ ಇದರ ಹೆಸರು ತಪ್ಪದೆ ಬರುತ್ತದೆ. ರೈಲಿಗೆ ಮೇಲಿನ ತಂತಿಯಿಲ್ಲ. ಹಳಿಯ ಬದಿಯ ಮೂರನೆಯ ಹಳಿಯಿಂದ 750 ವೋಲ್ಟ್ ವಿದ್ಯುತ್ ಸಿಗುತ್ತದೆ. ತಂತಿಗೆ ಜಾಗ ಬೇಡವಾದ್ದರಿಂದ ಸುರಂಗದ ಒಳಸುತ್ತು ದೊಡ್ಡದಿರಬೇಕಿಲ್ಲ.

ಚೆಲುವಿನ ಮಾತು ಹೇಳಬೇಕೆಂದರೆ, ನನಗೆ ಈ ಕಟ್ಟಡ ಚೆಲುವೆಂದು ಅನ್ನಿಸಿಲ್ಲ. ಗಟ್ಟಿಯಾಗಿದೆ, ವಿಶಾಲವಾಗಿದೆ, ಬೆಳಕಿದೆ, ಸ್ವಚ್ಛವಾಗಿದೆ. ಆದರೆ ಹಳ್ಳಿಯಿಂದ ಮೊದಲ ಸಲ ಬಂದ ವಯಸ್ಸಾದವರಿಗೆ ಎಸ್ಕಲೇಟರ್ ಹತ್ತಲು ಧೈರ್ಯ ಸಾಲದು. ಲಿಫ್ಟ್ ಎಲ್ಲಿದೆ ಎಂದು ಕೇಳಿದರೆ ಬಾಣದ ಗುರುತು ತೋರಿಸುತ್ತಾರೆ. ಬಾಣದ ಹಿಂದೆ ಹೋಗುವಷ್ಟು ಪುರುಸೊತ್ತು ಆ ಜನಜಂಗುಳಿಯಲ್ಲಿ ಯಾರಿಗಿದೆ?

ಎರಡು ಉದ್ಘಾಟನೆಗಳು (2016–2017)

2016ರ ಏಪ್ರಿಲ್ 29ರಂದು ಕೇಂದ್ರ ಸಚಿವ ವೆಂಕಯ್ಯ ನಾಯ್ಡು ಮತ್ತು ಮುಖ್ಯಮಂತ್ರಿ ಸಿದ್ದರಾಮಯ್ಯ ಕಬ್ಬನ್ ಪಾರ್ಕಿನಿಂದ ಸಿಟಿ ರೈಲು ನಿಲ್ದಾಣದವರೆಗಿನ 4.8 ಕಿ.ಮೀ. ಸುರಂಗ ಮಾರ್ಗವನ್ನು ಉದ್ಘಾಟಿಸಿದರು. ದಕ್ಷಿಣ ಭಾರತದ ಮೊದಲ ನೆಲದಡಿಯ ಮೆಟ್ರೊ ಇದು. ಅಂದಿನಿಂದ ಬೈಯಪ್ಪನಹಳ್ಳಿಗೂ ಮೈಸೂರು ರಸ್ತೆಗೂ ನಡುವಿನ 18.1 ಕಿ.ಮೀ. 33 ನಿಮಿಷದ ದಾರಿಯಾಯಿತು. ಮೆಜೆಸ್ಟಿಕ್‌ನಲ್ಲಿ ಮೇಲಿನ ಪ್ಲಾಟ್‌ಫಾರಂ ಮಾತ್ರ ಬಳಕೆಗೆ ಬಂತು, ಕೆಳಗಿನದು ಇನ್ನೊಂದು ವರ್ಷದಾಚೆಗೂ ರೈಲಿಗಾಗಿ ಕಾದಿತ್ತು. ಆ ಅವಧಿಯಲ್ಲಿ ಇದು ದಾರಿಯ ನಡುವಿನ ಒಂದು ನಿಲ್ದಾಣವಷ್ಟೇ.

2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗಿನ ಮಾರ್ಗವನ್ನು ಉದ್ಘಾಟಿಸಿದರು. ಪ್ರದೀಪ್ ಸಿಂಗ್ ಖರೋಲಾ ಆಗ ನಿಗಮದ ವ್ಯವಸ್ಥಾಪಕ ನಿರ್ದೇಶಕರು. ಮೊದಲ ಹಂತ ಮುಗಿಯಿತು, ನಾಗಸಂದ್ರದಿಂದ ಯಲಚೇನಹಳ್ಳಿಗೆ 24.2 ಕಿ.ಮೀ. ಒಂದೇ ರೈಲಿನಲ್ಲಿ ಹೋಗುವಂತಾಯಿತು. ನಮ್ಮ ಕನಕಪುರ ರಸ್ತೆಯವರಿಗೆ ನಿಜವಾದ ಉದ್ಘಾಟನೆ ಈ ಎರಡನೆಯದೇ. ಬನಶಂಕರಿಯಲ್ಲಿ ಬಸ್ಸಿಳಿದು ಮೆಟ್ರೊ ಹತ್ತಿದರೆ ಲಾಲ್‌ಬಾಗ್, ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿ ಮೆಜೆಸ್ಟಿಕ್.

ಆ ಬೇಸಿಗೆಯ ಕೊನೆಯಲ್ಲೇ ನಾಮಫಲಕಗಳ ಪ್ರಶ್ನೆ ಎದ್ದಿತು. ಮೆಜೆಸ್ಟಿಕ್, ಚಿಕ್ಕಪೇಟೆ ನಿಲ್ದಾಣಗಳ ಫಲಕಗಳಲ್ಲಿ ಕನ್ನಡ, ಇಂಗ್ಲಿಷ್ ಜೊತೆಗೆ ಹಿಂದಿಯೂ ಇದ್ದದ್ದಕ್ಕೆ ಕನ್ನಡಿಗರು ಆಕ್ಷೇಪ ಎತ್ತಿದರು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಿಗಮವನ್ನು ಪ್ರಶ್ನಿಸಿತು, ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು. ಕೊನೆಗೆ ಹಿಂದಿ ಅಕ್ಷರಗಳು ಫಲಕಗಳಿಂದ ಇಳಿದವು. ನಿಗಮ ಜನರ ಮಾತಿಗೆ ಕಿವಿಗೊಟ್ಟಿತು ಎಂದೇ ಇದನ್ನು ದಾಖಲಿಸುವುದು ನ್ಯಾಯ. ಜುಲೈ 7ರಂದು ಭದ್ರತಾ ಸಿಬ್ಬಂದಿಗೂ ಮೆಟ್ರೊ ನೌಕರರಿಗೂ ನಡುವಿನ ಮನಸ್ತಾಪದಿಂದ ಬೆಳಗಿನ ಹೊತ್ತು ರೈಲು ಓಡಲಿಲ್ಲ. ಅದೂ ಮಾತುಕತೆಯಲ್ಲಿ ಬಗೆಹರಿಯಿತು.

ಫಲಕದ ಕನ್ನಡಕ್ಕಿಂತ ಜನರ ಕಿವಿಗೆ ಹತ್ತಿರವಾದದ್ದು ರೈಲಿನೊಳಗಿನ ಕನ್ನಡ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಬದಿಗೆ ತೆರೆಯುತ್ತದೆ ಎಂದು ಹೇಳುವ ದನಿ ನಿರೂಪಕಿ ಅಪರ್ಣಾ ಅವರದು. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ತೆರೆಗೆ ಬಂದು, ಆಮೇಲೆ ಅಚ್ಚ ಕನ್ನಡದ ನಿರೂಪಣೆಯಿಂದ ಮನೆಮಾತಾದವರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ದಿನಾ ಮೆಟ್ರೊದಲ್ಲಿ ಓಡಾಡುವವರಿಗೆ ಮನೆಯವರನ್ನು ಕಳೆದುಕೊಂಡಷ್ಟೇ ಸಂಕಟವಾಯಿತು.

ದಾರಿ ಉದ್ದವಾದದ್ದು (2018–2024)

ಮೂರು ಬೋಗಿಯ ರೈಲುಗಳು ಉಸಿರು ಕಟ್ಟುವಷ್ಟು ತುಂಬತೊಡಗಿದವು. 2018ರ ಜೂನ್‌ನಲ್ಲಿ ನೇರಳೆ ಮಾರ್ಗಕ್ಕೆ ಆರು ಬೋಗಿಯ ಮೊದಲ ರೈಲು ಬಂತು. ಹೆಂಗಸರಿಗೆ ಪ್ರತ್ಯೇಕ ಜಾಗವಾಯಿತು. ಕೊರೊನಾ ಕಾಲದಲ್ಲಿ 2020ರ ಮಾರ್ಚ್ 22ರಿಂದ ಐದು ತಿಂಗಳಿಗೂ ಹೆಚ್ಚು ಕಾಲ ರೈಲು ನಿಂತಿತು, ಸೆಪ್ಟೆಂಬರ್ 7ರಂದು ಮತ್ತೆ ಓಡಿತು.

2021ರ ಜನವರಿ 14, ಸಂಕ್ರಾಂತಿಯ ದಿನ, ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಚಾಚಿತು. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ, ರೇಷ್ಮೆ ಸಂಸ್ಥೆ ಎಂಬ ಐದು ಹೊಸ ನಿಲ್ದಾಣಗಳು. ತಲಘಟ್ಟಪುರದ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆಯ ಹೆಸರು ಕೊನೆಯ ನಿಲ್ದಾಣಕ್ಕೆ ಬಂತು. ಕನಕಪುರದ ಗೂಡು ಬೆಳೆಯುವ ರೈತನಿಗೆ ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಹೆಸರು ಬೇಕಿರಲಿಲ್ಲ. ಅಲ್ಲಿ ಹತ್ತಿದರೆ ರೇಷ್ಮೆ ಸೀರೆಯ ಸಗಟು ಪೇಟೆಯಾದ ಚಿಕ್ಕಪೇಟೆಗೆ ನೇರ ದಾರಿ. ಮುಂದಿನ ನಿಲ್ದಾಣವೇ ಮೆಜೆಸ್ಟಿಕ್. ಅದೇ ವರ್ಷದ ಆಗಸ್ಟ್ 29ರಂದು ನೇರಳೆ ಮಾರ್ಗ ಕೆಂಗೇರಿ ಮುಟ್ಟಿತು, 2023ರ ಅಕ್ಟೋಬರ್ 9ರಂದು ಚಲ್ಲಘಟ್ಟ ಮುಟ್ಟಿತು. ಬಿಡದಿ, ರಾಮನಗರ, ಚನ್ನಪಟ್ಟಣದ ಬಸ್ಸುಗಳಲ್ಲಿ ಬಂದವರು ಮೈಸೂರು ರಸ್ತೆಯಲ್ಲೇ ಮೆಟ್ರೊ ಹಿಡಿಯುವಂತಾಯಿತು. ಮಾಗಡಿ ರಸ್ತೆಯ ನಿಲ್ದಾಣ 2015ರಿಂದಲೂ ಇದೆ, ಆದರೆ ಅದು ಊರೊಳಗಿನದು. ಮಾಗಡಿಯವರಿಗೆ ಹೆಸರು ಸಿಕ್ಕಿದೆ, ರೈಲು ಇನ್ನೂ ದೂರ.

ಇಷ್ಟಾದ ಮೇಲೆ ಮೆಜೆಸ್ಟಿಕ್‌ನ ಉದ್ದೇಶವೇ ಬದಲಾಯಿತೆಂದು ನನ್ನ ತಿಳಿವಳಿಕೆ. ಕೆರೆಯ ಕಾಲದಿಂದ ಬಸ್ಸಿನ ಕಾಲದವರೆಗೂ ಇದು ಬಂದು ಇಳಿಯುವ ಜಾಗವಾಗಿತ್ತು. ಛತ್ರ, ಹೋಟೆಲು, ಕೆಂಪೇಗೌಡ ರಸ್ತೆಯ ಸಿನಿಮಾ ಟಾಕೀಸುಗಳು, ಎಲ್ಲವೂ ಇಳಿದವರಿಗಾಗಿ ಹುಟ್ಟಿದವು. ನೆಲದಡಿಯ ನಿಲ್ದಾಣ ಇಳಿದವರನ್ನು ನಿಲ್ಲಗೊಡುವುದಿಲ್ಲ, ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾಟಿಸಿ ಕಳಿಸುತ್ತದೆ. ವೈಟ್‌ಫೀಲ್ಡಿನ ಕೆಲಸಕ್ಕೆ ಹೋಗುವ ಕನಕಪುರದ ಹುಡುಗಿ ದಿನಾ ಮೆಜೆಸ್ಟಿಕ್ ಹಾದು ಹೋದರೂ ಅದರ ಆಕಾಶ ನೋಡದೆ ಇರಬಹುದು. ಟಾಕೀಸುಗಳು ಒಂದೊಂದಾಗಿ ಮುಚ್ಚಿದ್ದಕ್ಕೆ ಕಾರಣಗಳು ಬೇರೆ ಇವೆ. ಆದರೂ ಹಳೆಯ ಮೆಜೆಸ್ಟಿಕ್‌ನ ಬಗ್ಗೆ ಮರುಗುವವರು ಈ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರುಗುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ, ಆದರೆ ಆಸ್ಪತ್ರೆಯ ಸಮಯಕ್ಕೆ ತಲುಪಬೇಕಾದವರು ಟಾಕೀಸು ನೋಡಲು ಬಂದವರಲ್ಲ.

2022ರ ರಾಜ್ಯೋತ್ಸವದಂದು ವಾಟ್ಸ್ಆ್ಯಪ್‌ನಲ್ಲೇ ಟಿಕೆಟ್ ಕೊಳ್ಳುವ ಏರ್ಪಾಡು ಬಂತು. ಚಿಲ್ಲರೆ ಹುಡುಕುತ್ತಾ ಟೋಕನ್ನಿಗೆ ಸಾಲು ನಿಲ್ಲುವ ಕಾಟ ಮೊಬೈಲ್ ಬಲ್ಲವರಿಗೆ ತಪ್ಪಿತು.

ಇಂದು

2025ರ ಫೆಬ್ರವರಿ 9ರಂದು ಪ್ರಯಾಣ ದರ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋದಾಗ ಕೂಲಿಗೆ ಹೋಗುವವರು ಮತ್ತೆ ಬಸ್ಸಿನ ಕಡೆ ನೋಡಿದರು. ಸಮಾರಂಭದ ಸಂಚಿಕೆಯಾದರೂ ಇದನ್ನು ಬಿಟ್ಟು ಬರೆಯಲಾಗದು. ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿರುವಾಗ ಹೆಂಗಸರಿಗೆ ಮೆಟ್ರೊ ಹತ್ತುವ ಮುನ್ನ ಒಂದು ಸಲ ಯೋಚಿಸಬೇಕಾಗುತ್ತದೆ.

ಅದೇ ವರ್ಷದ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವನ್ನು ಉದ್ಘಾಟಿಸಿದರು. ಬೆಂಗಳೂರು ಅಭಿವೃದ್ಧಿಯ ಹೊಣೆ ಹೊತ್ತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆಗ ವೇದಿಕೆಯಲ್ಲಿದ್ದರು, ಅವರು ನಮ್ಮ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವರು. ಜಾಲದ ಉದ್ದ 96 ಕಿ.ಮೀ. ದಾಟಿತು, ಮರುದಿನವೇ ಒಂದು ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ಮೀರಿತು. 2017ರ ಜೂನ್‌ನಿಂದ ಅಂದಿನವರೆಗೆ, ಎಂಟು ವರ್ಷ, ಇಡೀ ಬೆಂಗಳೂರಿನಲ್ಲಿ ಮಾರ್ಗ ಬದಲಿಸಲು ಇದ್ದ ಏಕೈಕ ನಿಲ್ದಾಣ ಮೆಜೆಸ್ಟಿಕ್. ಆರ್.ವಿ. ರಸ್ತೆ ಎರಡನೆಯದಾಯಿತು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗ ಓಡತೊಡಗಿದರೆ ಎಂ.ಜಿ. ರಸ್ತೆ, ಜಯದೇವ ಆಸ್ಪತ್ರೆಗಳೂ ಆ ಸಾಲಿಗೆ ಸೇರುತ್ತವೆ. ಒಬ್ಬರೇ ಹೊತ್ತಿದ್ದ ಹೊರೆಯನ್ನು ಹಂಚಿಕೊಳ್ಳುವವರು ಬರುತ್ತಿದ್ದಾರೆ.

ಇತ್ತ ರೇಷ್ಮೆ ಸಂಸ್ಥೆಯಿಂದ ಹಾರೋಹಳ್ಳಿಗೆ, ಚಲ್ಲಘಟ್ಟದಿಂದ ಬಿಡದಿಗೆ ಮೆಟ್ರೊ ಒಯ್ಯಬಹುದೇ ಎಂಬ ಕಾರ್ಯಸಾಧ್ಯತಾ ಅಧ್ಯಯನಕ್ಕೆ ನಿಗಮ ಟೆಂಡರ್ ಕರೆದಿದೆ. ಹೆಜ್ಜಾಲ ಮಾರ್ಗದ ಕಥೆ ಕೇಳಿ ಬೆಳೆದ ನಮಗೆ ಅಧ್ಯಯನಕ್ಕೂ ರೈಲಿಗೂ ಇರುವ ಅಂತರ ಗೊತ್ತಿದೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ನಿತ್ಯ ಬರುವ ಕಾರ್ಮಿಕರ ಲೆಕ್ಕ, ಕನಕಪುರ, ಸಾತನೂರಿನ ಕಡೆಯಿಂದ ಬೆಳಗಿನ ಬಸ್ಸುಗಳಲ್ಲಿ ನಿಂತು ಹೋಗುವವರ ಲೆಕ್ಕ ಆ ಅಧ್ಯಯನದೊಳಗೆ ಸರಿಯಾಗಿ ಬರಲಿ. ಅಧ್ಯಯನದವರು ಎಣಿಸಲು ಬರುವುದಾದರೆ ಸೋಮವಾರ ಬೆಳಗಿನ ಬಸ್ಸಿನಲ್ಲಿ ಬರಬೇಕು.